ಸದ್ದಿಲ್ಲದ ಡಬ್ಬಿ

ಮರುದಿನ ತೆರೆಯಲಿದ್ದ ತನ್ನ ಅಂಗಡಿಯಲ್ಲಿ ಒಪ್ಪಂದಕ್ಕೆ ಸಹಿ ಹಾಕಲು ಪೆನ್ನು ತೆಗೆದವಳು, ಗೇಮ್ ಕಂಪನಿಯ ಏಜೆಂಟ್ ತಂದಿದ್ದ ಹೊಸ ವಿಡಿಯೊ ಗೇಮಿನ ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಹದಿನಾಲ್ಕು ವರ್ಷ ಗೇಮ್ ಯಂತ್ರಗಳನ್ನು ರಿಪೇರಿ ಮಾಡಿದವಳ ಅಭ್ಯಾಸ ಅದು. ಡಿಸ್ಕ್ ಸಡಿಲವಾಗಿದ್ದರೆ ಸದ್ದಿನಲ್ಲೇ ತಿಳಿಯುತ್ತಿತ್ತು. ಈ ಡಬ್ಬಿಯಲ್ಲಿ ಸದ್ದೇ ಇರಲಿಲ್ಲ. ತೆರೆದು ನೋಡಿದರೆ ಒಳಗೆ ಒಂದು ಚೀಟಿ, ಚೀಟಿಯ ಮೇಲೆ ಒಂದು ನಂಬರು.

“ಡಿಸ್ಕ್ ಎಲ್ಲಿ?”

“ಈಗೆಲ್ಲ ಕೋಡ್ ಮೇಡಂ. ಈ ನಂಬರ್ ಹಾಕಿ ನೆಟ್‌ನಿಂದ ಆಟ ಇಳಿಸ್ಕೊಳ್ಳೋದು. ಒಬ್ರು ಒಂದ್ಸಲ ಹಾಕಿದ್ರೆ ಮುಗೀತು. ಕೈಯಿಂದ ಕೈಗೆ ಹೋಗೋ ತಲೆನೋವೇ ಇಲ್ಲ,” ಎಂದ ಏಜೆಂಟ್. “ಅದಕ್ಕೇ ಒಪ್ಪಂದದಲ್ಲಿ ಬರೆದಿದೆ ನೋಡಿ, ನಿಮ್ಮ ಅಂಗಡೀಲಿ ಹಳೇ ಡಿಸ್ಕ್ ಮಾರೋ ಹಾಗಿಲ್ಲ.”

“ನಾಳೆ ನಿಮ್ಮ ಕಂಪನಿ ಈ ಆಟ ನಿಲ್ಲಿಸಿದ್ರೆ?”

“ಅದು ಕಂಪನಿ ಇಷ್ಟ. ನೀವು ಮಾರೋದು ಆಡೋಕೆ ಅನುಮತಿ, ಅಷ್ಟೇ.”

ಅವಳ ಮೈ ಉರಿಯಿತು. ಅವಳ ರಿಪೇರಿ ಮೇಜಿಗೆ ಬರುತ್ತಿದ್ದ ಗಾರ್ಮೆಂಟ್ ಕಾರ್ಮಿಕರ ಮಕ್ಕಳು ಒಂದೇ ಡಿಸ್ಕನ್ನು ಹತ್ತು ಮನೆ ಸುತ್ತಿಸಿ ಆಡುತ್ತಿದ್ದರು. ಅವರಿಗಾಗಿಯೇ ರಿಪೇರಿ ಕೆಲಸ ಬಿಟ್ಟು ಈ ಅಂಗಡಿಗೆ ಕೈಹಾಕಿದ್ದಳು. ಕೊಟ್ಟು ತೆಗೆದುಕೊಳ್ಳುವ ಆ ಹಕ್ಕನ್ನೇ ಕಿತ್ತುಕೊಳ್ಳುವ ಕಾಗದಕ್ಕೆ ಈಗ ಅವಳದೇ ಸಹಿ ಬೇಕಿತ್ತು!

“ಹಾಕಮ್ಮ ತಾಯಿ,” ಕಪಾಟಿಗೆ ಬಣ್ಣ ಬಳಿಯುತ್ತಿದ್ದ ಅಣ್ಣ ಗೊಣಗಿದ. “ಕಪಾಟಲ್ಲಿ ನಿನ್ನ ಸಿದ್ಧಾಂತ ಜೋಡಿಸಿಡೋಕಾಗುತ್ತಾ?”

“ಹಳೇ ಡಿಸ್ಕ್ ಜೋಡಿಸ್ತೀನಿ.”

“ಅವರು ಡಿಸ್ಕ್ ಮಾಡೋದನ್ನೇ ಬಿಡ್ತಿದ್ದಾರೆ. ಇರೋ ಹಳೇದೆಲ್ಲ ಸವೆದ ಮೇಲೆ?”

ಬಿಟ್ಟ ಕೆಲಸ ಮತ್ತೆ ಸಿಗುವಂತಿರಲಿಲ್ಲ. ಅವಳು ಪೆನ್ನಿಗೆ ಮುಚ್ಚಳ ಹಾಕಿ, ಒಪ್ಪಂದದ ಕಾಗದವನ್ನು ಏಜೆಂಟನ ಕಡೆಗೆ ತಳ್ಳಿದಳು.

“ನಿಮ್ಮ ಡಬ್ಬಿಗಳನ್ನ ತಗೊಂಡು ಹೋಗಿ ಸರ್. ಅಂಗಡಿ ನಾಳೇನೇ ತೆರೀತೀನಿ.”