ಎದೆಯ ರಫು

ಡಾಕ್ಟರಮ್ಮ ಕಿಟಕಿಯ ಬೆಳಕಿಗೆ ಹಿಡಿದಿದ್ದ ಹೊಸ ಎಕ್ಸ್‌ರೇಯನ್ನು ರಫು ಕೆಲಸದವನು ಕೈಗೆ ತೆಗೆದುಕೊಂಡು, ಮಗುಚಿ, ಅದರ ಹಿಂಬದಿ ನೋಡಿದ. ಹರಿದ ಕೋಟು, ಇಲಿ ಕಡಿದ ಶಾಲುಗಳನ್ನು ಗುರುತೇ ಸಿಗದ ಹಾಗೆ ಹೆಣೆಯುವುದು ಅವನ ಕಸುಬು. ಕೈಕೆಲಸದ ಬಂಡವಾಳ ಬಯಲಾಗುವುದು ಬಟ್ಟೆಯ ಹಿಂಬದಿಯಲ್ಲೇ.

"ಅದೇನು ಗಿರಾಕಿ ತಂದ ಕೋಟಾ? ಎರಡೂ ಕಡೆ ಒಂದೇ ಕಣ್ರೀ," ಎಂದು ಜೊತೆಗೆ ಬಂದಿದ್ದ ಹೆಂಡತಿ ಗದರಿದಳು.

ಅವನು ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೆಯ ಎಕ್ಸ್‌ರೇಯಲ್ಲಿ ಬಲ ಎದೆಯ ಮೇಲ್ಭಾಗದಲ್ಲಿ, ಕ್ಷಯ ಕೊರೆದ ತೂತು ಕೋಟಿನ ಗುಂಡಿಯಷ್ಟಿತ್ತು. "ದೊಡ್ಡಾಸ್ಪತ್ರೆ ಸಾಲಲ್ಲಿ ನಿಂತ್ರೆ ಅಂಗಡಿ ಮುಚ್ಚಬೇಕಾಗುತ್ತೆ, ನಾನು ಹೋಗಲ್ಲ," ಎಂದು ಅಂದು ಹಟ ಹಿಡಿದಿದ್ದ. ಡಾಕ್ಟರಮ್ಮನೇ ಸರ್ಕಾರಕ್ಕೆ ವಿಷಯ ತಿಳಿಸಿ, ಅಲ್ಲಿಂದ ಕ್ಷಯದ ಮಾತ್ರೆಗಳನ್ನು ತಮ್ಮ ಖಾಸಗಿ ಕ್ಲಿನಿಕ್ಕಿಗೇ ತರಿಸಿಕೊಂಡು, ದಿನಾ ಬೆಳಿಗ್ಗೆ ಬಾಗಿಲು ತೆಗೆಯುತ್ತಲೇ ಅವನನ್ನು ಎದುರಿಗೆ ಕೂರಿಸಿ ನುಂಗಿಸಿದ್ದರು. ಈಗ ಆ ತೂತಿನ ಜಾಗದಲ್ಲಿ ಕೂದಲೆಳೆಯಂಥ ಒಂದು ಬಿಳಿ ಗೆರೆ ಮಾತ್ರ ಇತ್ತು.

"ಇಷ್ಟು ನಾಜೂಕು ನನ್ನ ಕೈಯಲ್ಲೂ ಆಗಿಲ್ಲ. ಮಾತ್ರೆ ಹೀಗೂ ಹೊಲಿಯುತ್ತಾ, ಅಮ್ಮಾ?"

"ಮಾತ್ರೆ ಕ್ರಿಮಿ ಕೊಂದಿತು ಅಷ್ಟೇ. ತೂತು ಮುಚ್ಚಿದ್ದು ನಿಮ್ಮ ಮೈಯೇ."

ಒಳ್ಳೆಯ ರಫುವಿಗೆ ಹೊರಗಿನ ದಾರ ಒಗ್ಗುವುದಿಲ್ಲ. ಅದೇ ಬಟ್ಟೆಯ ಒಳಮಡಿಕೆಯಿಂದಲೇ ಎಳೆ ಬಿಡಿಸಿಕೊಳ್ಳಬೇಕು. ಅವನು ಎಕ್ಸ್‌ರೇಯನ್ನು ಮೇಜಿನ ಮೇಲಿಟ್ಟು, ಯಾರೋ ನಂಬಿ ಕೊಟ್ಟುಹೋದ ಶಾಲನ್ನು ಮುಟ್ಟುವಷ್ಟು ಮೆಲ್ಲಗೆ, ತನ್ನ ಬಲ ಎದೆಯನ್ನು ಮುಟ್ಟಿಕೊಂಡ.