ನಾಲ್ಕು ಗಂಟೆಯ ಸೈಕಲ್

ಸೈಕಲ್ ಬೆಲ್ಲು ಕೇಳಿಸಿದ್ದೇ ತಡ, ಶ್ರೀಲತಾ ಒಲೆಯ ಮೇಲಿನ ಹಾಲನ್ನು ಹಾಗೆಯೇ ಬಿಟ್ಟು ಕಿಟಕಿಗೆ ಓಡಿದಳು. ನಾಲ್ಕು ಗಂಟೆ. ಕಾಂಪೌಂಡ್ ಗೋಡೆಯ ಮೇಲೆ ಪೊಲೀಸ್ ಟೋಪಿಯೊಂದು ಸಾಗಿ ಬಂತು. ಗೇಟಿನ ಎದುರು ಗಕ್ಕನೆ ನಿಂತಿತು. ಆಮೇಲೆ ಗೋಡೆಯ ಹಿಂದೆ ಮರೆಯಾಯಿತು.

ಇಂದಿಗೆ ಒಂಬತ್ತನೇ ದಿನ.

ಬಂದಳಿಕೆ ಊರಿನ ಸುತ್ತ ಕುರಿ ಕಳ್ಳರ ಕಾಟ ಹೆಚ್ಚಾಗಿತ್ತು. ಬೈಕಿನ ಸದ್ದು ದೂರದಲ್ಲಿ ಕೇಳಿದರೂ ಕಳ್ಳರು ಕಂಬಿ ಕೀಳುತ್ತಾರೆಂದು ಬೀಟ್ ಪೊಲೀಸರಿಗೆ ಸೈಕಲ್ ಕೊಟ್ಟಿದ್ದರು. ಬಣ್ಣ ಹೊಸದು, ಸೈಕಲ್ ಹಳೆಯದು. ಊರವರು ನಕ್ಕು ಸುಮ್ಮನಾದರು. ಶ್ರೀಲತಾಳಿಗೆ ಮಾತ್ರ ನಗು ಬರಲಿಲ್ಲ. ಕುರಿಗಳಿರುವುದು ಊರೊಳಗೆ. ಊರ ಹೊರಗಿನ ಈ ಒಂಟಿ ಮನೆಯಲ್ಲಿ ಕದಿಯಲು ಒಂದು ಮುದಿ ಎಮ್ಮೆ ಬಿಟ್ಟರೆ ಏನಿದೆ? ಇವನಿಗೆ ಇಲ್ಲೇನು ಕೆಲಸ?

ಗಂಡ ಸುರೇಶ ಮನೆಯಲ್ಲಿಲ್ಲದೆ ಒಂದೂವರೆ ತಿಂಗಳಾಗಿತ್ತು. ಬೋರ್‌ವೆಲ್ ಲಾರಿಯ ಜೊತೆ ದೂರ ಹೋಗಿದ್ದಾರೆ ಎಂದು ಕೇಳಿದವರಿಗೆಲ್ಲ ಹೇಳಿದ್ದಳು. ಮಗಳು ಮಾನಸ ಎಂಟನೇ ತರಗತಿ, ಶಾಲೆ ಮುಗಿಸಿ ಬರುವುದು ನಾಲ್ಕೂವರೆಗೆ. ತಾಯಿಗೆ ಮಗಳು, ಮಗಳಿಗೆ ತಾಯಿ. ಈ ಟೋಪಿ ಇವರಿಬ್ಬರ ನಡುವೆ ಬರಬಾರದು. ಶ್ರೀಲತಾ ಬೇಡಿಕೊಳ್ಳುತ್ತಿದ್ದುದು ಅದೊಂದನ್ನೇ.

ಊರೊಳಗಿಂದ ಹಾಲು ಕೊಳ್ಳಲು ಬಂದ ಹನುಮಮ್ಮ ಸುಮ್ಮನೆ ಹೋಗಲಿಲ್ಲ.

"ಏನವ್ವ ಲತಾ, ಪೊಲೀಸಪ್ಪ ದಿನಾ ನಿನ್ ಗೇಟಿಗೇ ಬಂದು ನಿಲ್ತಾನಂತೆ? ಗಂಡಸಿಲ್ಲದ ಮನಿ. ಜನ ಬಾಯಿಗೆ ಬೀಗ ಹಾಕ್ಕೊಂಡಿರಲ್ಲ ನೋಡು."

"ನಾನೇನ್ ಕರೆದಿದ್ನಾ, ಹನುಮಕ್ಕ?"

"ಕರೀದಿದ್ರೂ ಬರೋ ಜನ ಅವ್ರು. ನೀನು ಬಾಗ್ಲು ಹಾಕ್ಕೊಂಡು ಒಳಗಿರು."

ಅವನ ಹೆಸರು ರಾಜಕುಮಾರ್, ಸೊರಬದ ಕಡೆಯವನು ಎಂಬುದೂ ಹನುಮಮ್ಮನಿಂದಲೇ ಗೊತ್ತಾಗಿದ್ದು. ಮೂರನೇ ದಿನ ಅವನೇ ಗೋಡೆಯಾಚೆಯಿಂದ ಕೂಗಿ ನೀರು ಕೇಳಿದ್ದ. ಚೊಂಬು ಕೊಡಲು ಹೋದವಳನ್ನು ಮಾತಿಗೆಳೆದಿದ್ದ.

"ಯಜಮಾನ್ರು ಇಲ್ವಾ ಅಮ್ಮಾ?"

"ಇಲ್ಲ. ಕೆಲಸಕ್ಕೆ ಹೋಗಿದಾರೆ."

"ಯಾವಾಗ ಬರ್ತಾರೆ?"

"ಗೊತ್ತಿಲ್ರೀ."

"ಅವರ ಹತ್ರ ಒಂದು ಸಣ್ಣ ಕೆಲಸ ಇತ್ತು." ಅವನು ನಕ್ಕ. "ನಿಮ್ಮ ಮನೆ ದಾಟಿ ಮುಂದೆ ಹೋಗೋಕೇ ಆಗೋದಿಲ್ಲ ನೋಡಿ. ದಿನಾ ಇಲ್ಲೇ ಹಿಡಿದು ನಿಲ್ಲಿಸ್ತದೆ."

ಅವಳ ಮೈ ಉರಿಯಿತು. ಇಂಥ ಮಾತು, ಇಂಥ ನಗೆ ಅವಳಿಗೇನು ಹೊಸದಲ್ಲ. ಆದರೆ ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ. ನೆಲದ ಮೇಲಿತ್ತು. ಅದು ಅವಳನ್ನು ಇನ್ನಷ್ಟು ಹೆದರಿಸಿತು.

ಆರನೇ ದಿನ ತಗಡಿನ ಗೇಟಿನ ಸಂದಿಗೆ ಕಣ್ಣಿಟ್ಟಳು. ಕಂಡದ್ದು ಎರಡು ಕೈಗಳು ಮಾತ್ರ. ಎದುರಿನ ಹೊಲಕ್ಕೆ ನೀರು ಹಾಯಿಸಲೆಂದು ರಸ್ತೆಗೆ ಅಡ್ಡವಾಗಿ ಪೈಪು ಹಾಕಿದ್ದ ಜಾಗವದು. ಸುರೇಶ ಅಗೆದು ಅರ್ಧಕ್ಕೆ ಬಿಟ್ಟದ್ದನ್ನು ಅವಳೇ ಮುಗಿಸಿ, ರಸ್ತೆಯಲ್ಲಿ ದಿಣ್ಣೆಯಾಗುವಷ್ಟು ಮಣ್ಣು ಮುಚ್ಚಿದ್ದಳು. ಆ ಕೈಗಳು ದಿಣ್ಣೆಯ ಮಣ್ಣನ್ನು ಹಿಡಿಯಷ್ಟು ಎತ್ತಿಕೊಂಡವು. ಅಂಗೈಯಲ್ಲಿ ಹಾಕಿ ನಿಧಾನವಾಗಿ ಉಜ್ಜಿದವು. ಕೆಳಗೆ ಉದುರಿಸಿ, ಮತ್ತೊಂದು ಹಿಡಿ ಎತ್ತಿಕೊಂಡವು. ಅಂದಿನಿಂದ ಅವಳಿಗೆ ಅನ್ನ ಸೇರಲಿಲ್ಲ.

ಒಂಬತ್ತನೇ ದಿನ ಸಂಜೆ ಮಾನಸ ಚೀಲ ಇಳಿಸುತ್ತ ಹೇಳಿದಳು, "ಅಮ್ಮಾ, ಆ ಪೊಲೀಸ್ ಅಂಕಲ್ ದಾರೀಲಿ ಸಿಕ್ಕಿದ್ರು. ನಿಮ್ಮನೇಲಿ ಗುದ್ದಲಿ ಐತಾ ಅಂತ ಕೇಳಿದ್ರು."

"ನೀನೇನಂದೆ?"

"ಇಲ್ಲ ಅಂದೆ. ನಾಳೆ ನಾನೇ ತರ್ತೀನಿ ಅಂದ್ರು."

ಶ್ರೀಲತಾ ಮಗಳ ಅಂಗಿಯ ತೋಳನ್ನು ಮಣಿಕಟ್ಟಿನವರೆಗೆ ಎಳೆದಳು. ಒಳಗಿನ ಸುಟ್ಟ ಗಾಯ ಇನ್ನೂ ಪೂರ್ತಿ ಮಾಗಿರಲಿಲ್ಲ. ಮಗಳನ್ನು ಅಪ್ಪಿಕೊಂಡು ಬಹಳ ಹೊತ್ತು ಕುಳಿತಳು. ಅಳು ಬಂತು, ಅತ್ತಳು. ಅಮ್ಮ ಯಾಕೆ ಅಳುತ್ತಿದ್ದಾಳೆಂದು ಮಾನಸ ಕೇಳಲಿಲ್ಲ.

ಹತ್ತನೇ ದಿನ. ನಾಲ್ಕು ಗಂಟೆ. ಬೆಲ್ಲು. ಟೋಪಿಯ ಹಿಂದೆಯೇ ಗೋಡೆಯ ಮೇಲೆ ಗುದ್ದಲಿಯ ಕಾವೊಂದು ಕಾಣಿಸಿತು. ಟೋಪಿ ನಿಂತಿತು, ಬಗ್ಗಿತು, ಎಂದಿನಂತೆ ಮರೆಯಾಯಿತು. ಸ್ವಲ್ಪ ಹೊತ್ತಿಗೆ ಮಣ್ಣಿಗೆ ಮೊದಲ ಏಟು ಬಿದ್ದ ಸದ್ದು.

ಮಗಳು ಬರಲು ಅರ್ಧ ಗಂಟೆಯಿದೆ. ಅವಳ ಕಣ್ಣೆದುರಿಗೆ ಅದು ಮೇಲೆ ಬರುವುದು ಬೇಡ.

ಶ್ರೀಲತಾ ಗೇಟು ತೆಗೆದಳು.

"ನಿಲ್ಲಿಸ್ರೀ. ನಾನೇ ಹೇಳ್ತೀನಿ." ಅವಳು ಗುದ್ದಲಿಗೆ ಅಡ್ಡ ನಿಂತಳು. "ಒಂದೂವರೆ ತಿಂಗಳಿಂದ ಇಲ್ಲೇ ಅದಾರೆ. ಪೈಪಿನ ಕೆಳಗೆ. ಕುಡಿದು ಬಂದು ಮಗಳ ಕೈನ ಒಲೆಗೆ ಹಿಡಿದಿದ್ರು. ನನ್ ಕೈಗೆ ಹಾರೆ ಸಿಕ್ತು. ಮಗಳಿಗೆ ಏನೂ ಗೊತ್ತಿಲ್ಲ. ಅವ್ಳು ಬರೋದ್ರೊಳಗೆ ನನ್ನ ಕರ್ಕೊಂಡ್ ಹೋಗ್ಬಿಡ್ರಿ."

ರಾಜಕುಮಾರನ ಕೈಯಿಂದ ಗುದ್ದಲಿ ಜಾರಿತು. ಅವನ ಎರಡೂ ಅಂಗೈಗಳು ಗ್ರೀಸಿನಿಂದ ಕಪ್ಪಾಗಿದ್ದವು. ಪಕ್ಕದಲ್ಲಿ ಸೈಕಲ್ ಅಡ್ಡ ಬಿದ್ದಿತ್ತು. ಅವನು ಅವಳನ್ನು ನೋಡಿದ, ಕಾಲ ಕೆಳಗಿನ ಮಣ್ಣನ್ನು ನೋಡಿದ, ಎರಡು ಹೆಜ್ಜೆ ಹಿಂದೆ ಸರಿದ.

"ಮೇಲಿಂದ ನಾಲ್ಕು ಬೆರಳು ಮಣ್ಣು ಕೆರೆದು ಹೋಗೋಣ ಅಂತ ಬಂದಿದ್ದೆ, ಅಮ್ಮಾ... ಈ ದಿಣ್ಣೆ ಹತ್ತಿಸಿದಾಗೆಲ್ಲ ಸೈಕಲ್ ಚೈನು ಬೀಳ್ತದೆ."