ನನ್ನ ಅಳತೆಯ ಫ್ರಾಕು

ಹೊಸ ಬಟ್ಟೆಯ ಗಂಜಿ ವಾಸನೆ ಬಂದರೆ ಈಗಲೂ ನನಗೆ ಒಂದೆಡೆ ನಿಲ್ಲಲಾಗುವುದಿಲ್ಲ.

ಸಿಂಧನೂರಿನಲ್ಲಿ ಚಿಕ್ಕಮ್ಮನ ಮದುವೆ. ಬೀಗರಿಗೆ ಆಯೇರಿ ಮಾಡುವ ಸೀರೆಗಳ ಬದಲು ಮಸ್ಕಿಯ ಅನಾಥಾಶ್ರಮದ ಹುಡುಗಿಯರಿಗೆ ಫ್ರಾಕು ಹೊಲಿಸಬೇಕೆಂದು ಅವಳು ಹಟ ಹಿಡಿದಳು. "ಬೀಗರು ಏನಂದಾರು?" ಎಂದು ಗೊಣಗುತ್ತಲೇ ಅಜ್ಜಿ ದರ್ಜಿಯನ್ನು ಮನೆಗೆ ಕರೆಸಿದಳು.

"ಅಳತಿ ಯಾರದು ತಗೊಳ್ಳಲ್ರೀ ಅಮ್ಮಾರ?" ಎಂದ ಅವನು.

"ಇಕಿದು ತಗೋ. ಎಲ್ಲಾರೂ ಇಕಿ ವಾರಿಗಿಯವರ ಅದಾರ, ಇಷ್ಟ ವಯಸ್ಸಿನವರು."

ಟೇಪು ಕಂಕುಳಿಗೆ ತಾಕಿದಾಗಲೆಲ್ಲ ನಾನು ಚಡಪಡಿಸಿದೆ. ಅಷ್ಟು ಬಟ್ಟೆಯಲ್ಲಿ ನನಗೊಂದೂ ಇರಲಿಲ್ಲ.

"ಸುಮ್ನ ನಿಂದ್ರ ಬೇ, ಪುಣ್ಯೇದ ಕೆಲಸ," ಎಂದು ಅಜ್ಜಿ ಗದರಿದಳು.

ಮದುವೆಯ ದಿನ ಪಂಕ್ತಿಯಲ್ಲಿ ಆಶ್ರಮದ ಹುಡುಗಿಯೊಬ್ಬಳು ನನ್ನ ಪಕ್ಕ ಕುಳಿತಳು. ನನ್ನ ಅಳತೆಯ ಫ್ರಾಕು ಅವಳ ಹೆಗಲಿನಿಂದ ಜಾರುತ್ತಿತ್ತು. ಅದನ್ನು ಎಡಗೈಯಲ್ಲಿ ಹಿಡಿದುಕೊಂಡೇ ಹುಗ್ಗಿ ಉಂಡಳು. ಊಟ ಮುಗಿಯುವವರೆಗೂ ಆ ಕೈ ಬಿಡಲಿಲ್ಲ.